ಗಾಳದ ರೀಲಿನ ಕಟಕಟ

ಗೋಡೆ ಗಡಿಯಾರಕ್ಕೆ ಕೀಲಿ ಕೊಡುವಾಗಿನ ‘ಕಟಕಟ’ ಸದ್ದನ್ನು ವಿವರಿಸುತ್ತ, ಗಾಳದ ರೀಲಿನಲ್ಲಿಯೂ ಇದೇ ಏರ್ಪಾಡು ಇದೆಯೆಂದು ನಿಮ್ಮಲ್ಲಿ ಕೆಲವರಿಗೆ ತರಗತಿಯಲ್ಲಿ ಹೇಳಿದ್ದೆ. ಅದು ಅರ್ಧಸತ್ಯ. ನಿವೃತ್ತಿಯ ನಂತರ ಓದಿ ತಿಳಿದ ಉಳಿದರ್ಧವನ್ನು ಈಗ ಒಪ್ಪಿಸುತ್ತಿದ್ದೇನೆ.

ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಒಂದು ರೀಲಿಗೆ ಪೇಟೆಂಟ್ ಪಡೆದರು. ಅಗಲ ಕಿರಿದಾದ ಸುರುಳಿ. ಪಕ್ಕದ ತಗಡುಗಳ ತುಂಬ ರಂಧ್ರಗಳು. ಚಿತ್ರ ನೋಡಿ ಅಲಂಕಾರವೆಂದೇ ಎಣಿಸಿದ್ದೆ! ಆದರೆ ಅಂದಿನ ದಾರ ರೇಷ್ಮೆಯದು. ಒದ್ದೆಯಾಗಿಯೇ ಉಳಿದರೆ ಕೊಳೆಯುತ್ತಿತ್ತು. ರಂಧ್ರಗಳಿಂದ ಗಾಳಿಯಾಡಿತು, ತೂಕವೂ ಇಳಿಯಿತು.

ಇಂಥ ರೀಲುಗಳೊಳಗೆ ಸುರುಳಿಗೆ ಬಿಗಿದ ಹಲ್ಲುಚಕ್ರ, ಹಲ್ಲುಗಳಿಗೆ ತಗಲುವ ಲೋಹದ ಪುಟ್ಟ ನಾಲಿಗೆ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಇರುತ್ತವೆ. ಗಡಿಯಾರದ ನಾಲಿಗೆ ಚಕ್ರವನ್ನು ಹಿಂದಿರುಗಗೊಡದು. ರೀಲಿನ ನಾಲಿಗೆಯಾದರೋ ಎರಡೂ ಕಡೆಗೆ ಬಿಟ್ಟುಕೊಡುತ್ತದೆ. ಪ್ರತಿ ಹಲ್ಲಿಗೂ ಎದ್ದು ಬೀಳುತ್ತದೆ. ಮೀನನ್ನು ನಿಲ್ಲಿಸುವುದು ಅದರ ಮುಖ್ಯ ಕೆಲಸವಲ್ಲ. ದಾರ ಎಳೆದೋಡಿದ ಮೀನು ಥಟ್ಟನೆ ನಿಂತಾಗ ಸುರುಳಿ ಮಾತ್ರ ತಿರುಗುತ್ತಲೇ ಇದ್ದರೆ ದಾರ ಸಿಕ್ಕುಗಟ್ಟುತ್ತದೆ. ಆ ಓಟಕ್ಕೆ ಅಂಕೆ ಬೇಕು. ಹೆಚ್ಚಿನ ತಡೆಗೆ ಬೆರಳೋ ಅಂಗೈಯೋ ಇದೆ. ಸ್ಪ್ರಿಂಗು ತೀರಾ ಬಿಗಿಯಾದರೆ ತೆಳುವಾದ ತುದಿದಾರ ಕಡಿದುಹೋದೀತು. ಈ ಹದದಲ್ಲಿಯೇ ಕುಶಲಕರ್ಮಿಯ ಜಾಣ್ಮೆಯೆಲ್ಲ.

ಇಂಗ್ಲೆಂಡಿನ ಆನಿಕ್ ಪಟ್ಟಣದ ಹಾರ್ಡಿ ಸೋದರರು 1891ರಲ್ಲಿ ಮಾರುಕಟ್ಟೆಗೆ ತಂದ ‘ಪರ್ಫೆಕ್ಟ್’ ರೀಲಿನ ಸುರುಳಿ ಬಾಲ್ ಬೇರಿಂಗುಗಳ ಮೇಲೆ ನುಣುಪಾಗಿ ತಿರುಗುತ್ತಿತ್ತು. ಆದರೂ ನಾಲಿಗೆಯನ್ನು ಅವರು ಕೈಬಿಡಲಿಲ್ಲ.

ಅಂದು ಹಿಂದಿನ ಬೆಂಚಿನಿಂದ, “ಚಕ್ರ ಹಿಂದಿರುಗದಿದ್ದರೆ ಮೀನು ದಾರ ಎಳೆಯುವುದು ಹೇಗೆ ಸಾರ್?” ಎಂದವನನ್ನು ಗದರಿಸಿ ಕೂರಿಸಿದ್ದೆ. ಅವನು ಇದನ್ನು ಓದುತ್ತಿದ್ದರೆ ತಿಳಿಯಲಿ: ಪ್ರಶ್ನೆ ಸರಿಯಾಗಿಯೇ ಇತ್ತು.