ಮುತ್ತ್ಯಾನವರ ಕರಡಿಗೆ

ವಿದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಷ್ಯದ ಪುರಾತನ ಬೆಳ್ಳಿಯ ಬಟ್ಟಲೊಂದನ್ನು ಕೊಂಡು, ಅದರ ಚಿತ್ರ ಕಳಿಸಿ, “ಗುರುಗಳೇ, ತಳದಲ್ಲಿ 84 ಎಂದಿದೆ, ಏನರ್ಥ?” ಎಂದು ಕೇಳಿದ. ಇತಿಹಾಸದ ಮಾಸ್ತರನಾದವನು ಉತ್ತರಿಸದೆ ಇರಲಾದೀತೇ!

ನಮ್ಮಲ್ಲಿ ತೊಲೆ ಇದ್ದಂತೆ ಅಲ್ಲಿ ಜೊಲೊತ್ನಿಕ್ ಎಂಬ ತೂಕವಿತ್ತು. 96 ಭಾಗದಲ್ಲಿ 84 ಭಾಗ ಶುದ್ಧ ಬೆಳ್ಳಿ, ಅಂದರೆ ಸಾವಿರಕ್ಕೆ 875. ಪಕ್ಕದಲ್ಲಿ ಕೊಕೊಶ್ನಿಕ್ ಎಂಬ ಶಿರೋಭೂಷಣ ತೊಟ್ಟ ಹೆಂಗಸಿನ ಮುಖವಿದ್ದು, ಅದು ಬಲಕ್ಕೆ ತಿರುಗಿದ್ದರೆ ವಸ್ತು 1908ರ ಈಚಿನದು. ಇಷ್ಟು ಚಿಕ್ಕ ಮುದ್ರೆಯಿಂದ ಸಂಗ್ರಾಹಕರು ಕಾಲವನ್ನು ಗುರುತಿಸುತ್ತಾರೆ.

ಆದರೆ ಅಲ್ಲಿಯೂ ಎಲ್ಲವೂ ಉಳಿಯಲಿಲ್ಲ. 1917ರ ಕ್ರಾಂತಿಯ ನಂತರ ಎಷ್ಟೋ ಒಡವೆಗಳು ಮೂಸೆಗೆ ಬಿದ್ದವು. ಫ್ಯಾಬರ್ಜೆಯ ಕಾರ್ಯಾಗಾರ 1887ರಲ್ಲಿ ಚಕ್ರವರ್ತಿಗಾಗಿ ಮಾಡಿದ ಚಿನ್ನದ ಮೊಟ್ಟೆಯೊಂದು, ಒಳಗೆ ಗಡಿಯಾರವಿದ್ದದ್ದು, ಕಣ್ಮರೆಯಾಗಿತ್ತು. ಅಮೆರಿಕದ ವ್ಯಾಪಾರಿಯೊಬ್ಬ ಅದನ್ನು ಕರಗಿಸಿ ಲಾಭ ಮಾಡಿಕೊಳ್ಳಲೆಂದು ಸುಮಾರು 14,000 ಡಾಲರಿಗೆ ಕೊಂಡಿದ್ದ. ಲೆಕ್ಕ ತಪ್ಪಿ ಗಿರಾಕಿ ಸಿಗದ್ದರಿಂದ ಮೊಟ್ಟೆ ಉಳಿಯಿತು! ಅದರ ನಿಜ ಸ್ವರೂಪ ಲೋಕಕ್ಕೆ ತಿಳಿದದ್ದು 2014ರಲ್ಲಿ.

ಇದನ್ನು ಬರೆಯುವಾಗ ಕುಲಗೋಡದ ನಮ್ಮ ಮನೆಯ ಬೆಳ್ಳಿಯ ಕರಡಿಗೆ ನೆನಪಾಯಿತು. ಇಷ್ಟಲಿಂಗವನ್ನಿಟ್ಟು ಶಿವದಾರದಲ್ಲಿ ಕೊರಳಿಗೆ ಧರಿಸುವ ಸಂಪುಟವದು. ಉರುಟಾದುದಕ್ಕೆ ನಮ್ಮ ಕಡೆ ಗುಂಡಗಡಗಿ ಎನ್ನುವುದೂ ಉಂಟು. ಮುತ್ತ್ಯಾನವರು ಲಿಂಗೈಕ್ಯರಾದಾಗ ಇಷ್ಟಲಿಂಗ ಅವರೊಂದಿಗೆ ಹೋಯಿತು, ಕರಡಿಗೆ ಉಳಿಯಿತು. 1983ರಲ್ಲಿ ನನ್ನ ಬಿ.ಎಡ್. ಶುಲ್ಕಕ್ಕಾಗಿ ತಂದೆಯವರು ಅದನ್ನು ಸರಾಫರೊಬ್ಬರ ತಕ್ಕಡಿಗೆ ಹಾಕಿದರು. ಅವರು ಮುಚ್ಚಳದ ಕುಸುರಿಯತ್ತ ಕಣ್ಣೆತ್ತಲಿಲ್ಲ. ತೂಗಿ, ಬೆಸುಗೆಯ ಭಾಗ ಕಳೆದು, ನೋಟು ಎಣಿಸಿದರು. ತಪ್ಪು ಅವರದೆನ್ನಲಾರೆ, ಮೋಸವನ್ನಂತೂ ಮಾಡಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ, ಶುಲ್ಕ ತುಂಬುವ ಕೊನೆಯ ದಿನದ ಚಿಂತೆಯಲ್ಲಿ.

ಅದರ ಮೇಲೆ ಮುದ್ರೆಯೂ ಇರಲಿಲ್ಲ, ಮಾಡಿದ ಪತ್ತಾರರ ಹೆಸರೂ ಇರಲಿಲ್ಲ. ಅದು ನೂರು ವರ್ಷ ಹಳೆಯದಾಗಿತ್ತೇ ಎಂದು ಯಾರೂ ಕೇಳಲಿಲ್ಲ. ನೂರು ವರ್ಷ ಮೀರಿದ ಕಲಾವಸ್ತುಗಳನ್ನು ರಕ್ಷಿಸಲು 1972ರಲ್ಲೇ ಕಾಯಿದೆಯಾಗಿದೆ. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಆದರೆ ಅಡವಿಟ್ಟು, ಮಾರಿ, ಕರಗಿಸುವ ಮನೆಯ ಬೆಳ್ಳಿಯ ಕಡೆ ನೋಡುವವರಾರು? ಇತ್ತ ಭಾರತದ ಒಡವೆಗಳ ಬಗೆಗಿನ ದೊಡ್ಡ ಪುಸ್ತಕಗಳಲ್ಲಿ ಇಂಥ ಕರಡಿಗೆಗಳ ಚಿತ್ರಗಳು ಅಚ್ಚಾಗುತ್ತವೆ.

ಬಂಧುಗಳೇ, ನಿಮ್ಮ ಮನೆಯ ಜಗಲಿಯ ಮೇಲೆ ಹಳೆಯ ಕರಡಿಗೆ ಇದ್ದರೆ, ಮುಚ್ಚಳ ತೆರೆದು ಒಂದು, ಮುಚ್ಚಿ ಒಂದು ಚಿತ್ರ ತೆಗೆದು ಕಳಿಸಿರಿ. ಮುತ್ತ್ಯಾನವರದು ಹೇಗಿತ್ತೆಂದು ಮೊಮ್ಮಗಳು ಕೇಳುತ್ತಿದ್ದಾಳೆ.