ಉಸಿರು ಕೇಳಿಸಿದರೆ ತಪ್ಪೇ?

ಜೆಥ್ರೋ ಟಲ್ ಬ್ಯಾಂಡಿನ ‘ಲೋಕೊಮೋಟಿವ್ ಬ್ರೆತ್’ ಹಾಡಿನ ನಡುವೆ ಒಂದು ಫ್ಲೂಟ್ ಸೋಲೋ ಬರುತ್ತದೆ. ಸ್ವರಕ್ಕಿಂತ ಮೊದಲು ಉಸಿರೇ ಕೇಳಿಸುತ್ತದೆ. ನುಡಿಸುವವನ ಗಂಟಲು ಗುರುಗುಟ್ಟುತ್ತದೆ, ಮಧ್ಯೆ ಮಧ್ಯೆ ಹೂಂಕಾರ, ಸ್ವರ ಒಡೆದು ಎರಡಾದಂತೆ ಭಾಸ. ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯ ಯಾವುದೇ ಫ್ಲೂಟ್ ಮೇಷ್ಟ್ರು ಇದನ್ನು ಕೇಳಿದರೆ ತಪ್ಪುಗಳ ಪಟ್ಟಿ ಮಾಡೋದು ಕಷ್ಟವಲ್ಲ: ಗಾಳಿ ಸೋರುತ್ತಿದೆ, ತುಟಿಯ ಹಿಡಿತ ಸಡಿಲ, ಗಂಟಲು ಬಿಗಿ, ನಾದ ಶುದ್ಧವಿಲ್ಲ. ಪಟ್ಟಿಯ ಒಂದೊಂದು ಸಾಲೂ ಸರಿಯೇ. ಆದರೆ ಅವೆಲ್ಲ ನಿಜಕ್ಕೂ ತಪ್ಪುಗಳೇ ಅನ್ನೋದು ಬೇರೆ ಪ್ರಶ್ನೆ.

ನುಡಿಸುತ್ತಿರುವವರು ಇಯಾನ್ ಆಂಡರ್ಸನ್. 1947ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಹುಟ್ಟಿದವರು. ಮೊದಲು ಕೈಯಲ್ಲಿದ್ದದ್ದು ಎಲೆಕ್ಟ್ರಿಕ್ ಗಿಟಾರ್. ಎರಿಕ್ ಕ್ಲಾಪ್ಟನ್‌ರಂಥವರ ಎದುರು ತಾನು ಗಿಟಾರಿಸ್ಟ್ ಆಗಿ ನಿಲ್ಲಲಾರೆ ಎನ್ನಿಸಿ, 1967ರಲ್ಲಿ ಗಿಟಾರನ್ನು ಕೊಟ್ಟು ಬದಲಿಗೆ ಒಂದು ಫ್ಲೂಟ್ ತಗೊಂಡರು. ಮೇಷ್ಟ್ರಿಲ್ಲ, ಪಾಠವಿಲ್ಲ. 1968ರ ಹೊತ್ತಿಗೆ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಜನರ ಮುಂದೆ ನುಡಿಸುತ್ತಿದ್ದರು.

ಶಾಸ್ತ್ರೀಯ ಕಿವಿ ಈ ಶಬ್ದಕ್ಕೆ ಯಾಕೆ ಮುಖ ಸಿಂಡರಿಸುತ್ತದೆ ಅಂತ ಅರ್ಥವಾಗಲು ಸ್ವಲ್ಪ ಹಿಂದೆ ಹೋಗಬೇಕು. ಇಂದಿನ ಫ್ಲೂಟ್ ಬಹುಮಟ್ಟಿಗೆ ಮ್ಯೂನಿಕ್‌ನ ಥಿಯೋಬಾಲ್ಡ್ ಬೋಮ್ ರೂಪಿಸಿದ ವಾದ್ಯ. ಅಕ್ಕಸಾಲಿ ಕೆಲಸವನ್ನೂ ಬಲ್ಲ ಈ ವಾದಕ 1832ರಲ್ಲಿ ಬೆರಳಿಡುವ ವ್ಯವಸ್ಥೆಯನ್ನೇ ಬದಲಿಸಿದ. 1847ರಲ್ಲಿ ಲೋಹದ ನೇರ ಕೊಳವೆಯ ಫ್ಲೂಟ್ ತಂದ. ಹಳೆಯ ಮರದ ಫ್ಲೂಟ್‌ನಲ್ಲಿ ಕೆಲವು ಸ್ವರ ಗಟ್ಟಿ, ಕೆಲವು ಮಂಕು. ಬೋಮ್‌ಗೆ ಬೇಕಾದದ್ದು ಎಲ್ಲ ಸ್ವರಗಳೂ ಸಮವಾಗಿ, ಸ್ಪಷ್ಟವಾಗಿ, ಶ್ರುತಿಬದ್ಧವಾಗಿ ಬರುವ ವಾದ್ಯ. ಅಲ್ಲಿಂದ ಮುಂದೆ ಫ್ಲೂಟ್ ಶಿಕ್ಷಣ ಅಂದರೆ ದೊಡ್ಡ ಮಟ್ಟಿಗೆ ಒಂದು ಶುದ್ಧೀಕರಣ: ಉಸಿರು ಇರಬೇಕು, ಆದರೆ ಕೇಳಿಸಬಾರದು.

ಆಂಡರ್ಸನ್‌ಗೆ ಎದುರಾದ ಸಮಸ್ಯೆಯೇ ಬೇರೆ. ಪಕ್ಕದಲ್ಲಿ ಡ್ರಮ್ಸ್, ಹಿಂದೆ ಆಂಪ್ಲಿಫೈಯರಿನಲ್ಲಿ ಅಬ್ಬರಿಸುವ ಗಿಟಾರ್. ಫ್ಲೂಟ್‌ನ ಕೆಳ ಸ್ಥಾಯಿಯ ನಾದ ಸಹಜವಾಗಿಯೇ ಮೃದು. ಮೈಕ್ ಇಟ್ಟರೂ ಆ ನುಣುಪು ಗಿಟಾರಿನ ಒರಟಿಗೆ ಹೊಂದುವುದಿಲ್ಲ. ಆಗ ನೆರವಾದದ್ದು ನುಡಿಸುತ್ತಲೇ ಹಾಡುವ ಉಪಾಯ.

ಇದರ ಭೌತಶಾಸ್ತ್ರ ಸೊಗಸಾಗಿದೆ. ಫ್ಲೂಟ್‌ನಲ್ಲಿ 440 ಹರ್ಟ್ಜ್‌ನ ಸ್ವರ ನುಡಿಸುತ್ತಾ ಗಂಟಲಲ್ಲಿ 330 ಹರ್ಟ್ಜ್ ಹಾಡಿದಿರಿ ಅಂದುಕೊಳ್ಳಿ. ಗಂಟಲಿನ ತಂತುಗಳು ಗಾಳಿಯನ್ನು ಸೆಕೆಂಡಿಗೆ 330 ಸಲ ತುಂಡರಿಸಿ ಕಳಿಸುತ್ತವೆ. ಆ ಮಿಡಿಯುವ ಗಾಳಿಯೇ ಫ್ಲೂಟ್ ನುಡಿಸಬೇಕು. ಹಾಗಾಗಿ ಎರಡು ಸ್ವರಗಳ ಜೊತೆಗೆ ಅವುಗಳ ವ್ಯತ್ಯಾಸ 110 ಹರ್ಟ್ಜ್, ಮೊತ್ತ 770 ಹರ್ಟ್ಜ್, ಹೀಗೆ ಯಾರೂ ಹಾಡದ, ಯಾರೂ ನುಡಿಸದ ಸ್ವರಗಳೂ ಹುಟ್ಟುತ್ತವೆ. ಎಲೆಕ್ಟ್ರಿಕ್ ಗಿಟಾರಿನ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ, ಆಂಪ್ಲಿಫೈಯರನ್ನು ಅದರ ಮಿತಿ ದಾಟಿ ದುಡಿಸಿದಾಗ ಆಗುವುದೂ ಇಂಥದ್ದೇ. ಅಂದರೆ ಆಂಡರ್ಸನ್ ಒಂದು ರೀತಿಯಲ್ಲಿ ಫ್ಲೂಟ್‌ಗೆ ಡಿಸ್ಟಾರ್ಷನ್ ಜೋಡಿಸಿದರು. ಯಂತ್ರದ ಬದಲು ಗಂಟಲು, ಅಷ್ಟೇ ವ್ಯತ್ಯಾಸ.

ಉಪಾಯ ಅವರ ಸ್ವಂತದ್ದಲ್ಲ. ಅಮೆರಿಕದ ಜಾಝ್‌ನಲ್ಲಿ ಸ್ಯಾಮ್ ಮೋಸ್ಟ್ 1950ರ ದಶಕದಲ್ಲೇ ಹೀಗೆ ಗುನುಗುತ್ತಾ ನುಡಿಸುತ್ತಿದ್ದರು. ಕಣ್ಣು ಕಾಣದ ಮಹಾ ವಾದಕ ರೋಲಂಡ್ ಕರ್ಕ್ ಅದನ್ನು ಆವೇಶದ ಮಟ್ಟಕ್ಕೆ ಒಯ್ದರು. ಕರ್ಕ್ ಅವರ ‘ಸೆರನೇಡ್ ಟು ಎ ಕುಕೂ’ ಜೆಥ್ರೋ ಟಲ್‌ನ 1968ರ ಮೊದಲ ಆಲ್ಬಮ್ಮಿನಲ್ಲೇ ಇದೆ. ಯಾರಿಂದ ಕಲಿತೆ ಅನ್ನೋದನ್ನು ಆಂಡರ್ಸನ್ ಮುಚ್ಚಿಟ್ಟಿಲ್ಲ.

ಇನ್ನೂ ಕುತೂಹಲದ ಸಂಗತಿ, ಶಾಸ್ತ್ರೀಯ ಸಂಗೀತವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುತ್ತಿತ್ತು. ಎಡ್ಗರ್ ವರೇಸ್ 1936ರಲ್ಲಿ ಪ್ಲಾಟಿನಂ ಫ್ಲೂಟ್‌ಗಾಗಿ ಬರೆದ ‘ಡೆನ್ಸಿಟಿ 21.5’ನಲ್ಲಿ ಕೀಗಳನ್ನು ಬಡಿಯುವ ಸದ್ದೂ ಸಂಗೀತದ ಭಾಗ. ಬೇರಿಯೊ 1958ರ ತಮ್ಮ ಮೊದಲ ‘ಸೆಕ್ವೆಂಜಾ’ದಲ್ಲಿ ಒಂಟಿ ಫ್ಲೂಟ್‌ನಿಂದ ಏಕಕಾಲಕ್ಕೆ ಎರಡು ಸ್ವರ ಕೇಳಿದರು. ಆಮೇಲೆ 1971. ‘ಲೋಕೊಮೋಟಿವ್ ಬ್ರೆತ್’ ಇರುವ ‘ಅಕ್ವಾಲಂಗ್’ ಆಲ್ಬಮ್ ಬಂದ ವರ್ಷ. ಅದೇ ವರ್ಷ ಅಮೆರಿಕದ ಜಾರ್ಜ್ ಕ್ರಂಬ್ ತಿಮಿಂಗಿಲಗಳ ಹಾಡಿನಿಂದ ಪ್ರೇರಿತರಾಗಿ ‘ವಾಕ್ಸ್ ಬಲೇನೆ’ ರಚಿಸಿದರು. ಅದು ಶುರುವಾಗುವುದೇ ಫ್ಲೂಟ್ ವಾದಕ ನುಡಿಸುತ್ತಾ ಹಾಡುವುದರಿಂದ. ಒಂದೇ ತಂತ್ರ, ಒಂದೇ ವರ್ಷ. ಕ್ರಂಬ್‌ರ ಕೃತಿಯಲ್ಲಿ ಹಾಡಬೇಕಾದದ್ದನ್ನು ಕಾಗದದ ಮೇಲೆ ಬರೆದಿರುತ್ತದೆ. ಆಂಡರ್ಸನ್‌ರದ್ದು ಬರೆದಿಲ್ಲ. ಹಾಗಾಗಿ ‘ಅದು ತಂತ್ರ, ಇದು ಅವಾಂತರ’ ಅಂತ ವಿಂಗಡಿಸೋದು ಸುಲಭ, ಆದರೆ ಕಿವಿಗೆ ಕಾಗದ ಕಾಣುವುದಿಲ್ಲವಲ್ಲ!

1969ರ ‘ಸ್ಟ್ಯಾಂಡ್ ಅಪ್’ ಆಲ್ಬಮ್ಮಿನ ‘ಬೂರೇ’ ಇನ್ನೊಂದು ಪರೀಕ್ಷೆ. ಇದು ಬಾಖ್‌ನ ಇ ಮೈನರ್ ಲ್ಯೂಟ್ ಸೂಟ್‌ನ ಒಂದು ನೃತ್ಯಭಾಗ. ಬಾಖ್ ಸಮವಾಗಿ ಬರೆದ ಸ್ವರಗಳನ್ನು ಆಂಡರ್ಸನ್ ಜಾಝ್‌ನ ಹಾಗೆ ಒಂದು ಉದ್ದ, ಒಂದು ಗಿಡ್ಡ ಮಾಡಿ ತೂಗಿಸುತ್ತಾರೆ. ಅಪಚಾರ ಅಂತೀರಾ? 1752ರಲ್ಲಿ ಜರ್ಮನಿಯ ಕ್ವಾಂಟ್ಸ್ ಬರೆದ ಫ್ಲೂಟ್ ಗ್ರಂಥವೇ ಸಮವಾಗಿ ಬರೆದ ಸ್ವರಗಳನ್ನು ಅಸಮವಾಗಿ ನುಡಿಸುವ ಕ್ರಮವನ್ನು ಹೇಳುತ್ತದೆ. ನಾಲಿಗೆಯಲ್ಲಿ ಯಾವ ಯಾವ ಅಕ್ಷರ ಆಡಿಸಬೇಕು ಎಂದೂ ಕಲಿಸುತ್ತದೆ. ನಮ್ಮ ಕೊಳಲಿನವರು ತುತ್ತುಕಾರ ಅನ್ನೋದೂ ಇದನ್ನೇ. ಅಂದರೆ ಮಾತಿನ ವ್ಯಂಜನಗಳು ಫ್ಲೂಟ್‌ನೊಳಗೆ ಮೊದಲಿಂದಲೂ ಇದ್ದವು. ಶಾಲೆ ಅವನ್ನು ನಯ ಮಾಡಿ ಒಳಗಿಟ್ಟಿತು, ಆಂಡರ್ಸನ್ ಹೊರಗೆ ತಂದರು.

ಹಾಗಾದರೆ ಎಲ್ಲವೂ ಸರಿಯೇ, ತಪ್ಪು ಅನ್ನೋದೇ ಇಲ್ಲವೇ? ಖಂಡಿತ ಇದೆ. ಅದನ್ನು ಬೇರ್ಪಡಿಸಿ ತೋರಿಸುವ ಘಟನೆ ಆಂಡರ್ಸನ್‌ರ ಬದುಕಿನಲ್ಲೇ ನಡೆದಿದೆ. 1990ರ ದಶಕದ ಆರಂಭದಲ್ಲಿ ಅವರ ಮಗಳು ಶಾಲೆಯಲ್ಲಿ ಫ್ಲೂಟ್ ಕಲಿಯತೊಡಗಿದಳು. ಅಪ್ಪ ಬೆರಳಿಡುವ ಕ್ರಮವೇ ತಪ್ಪು ಅನ್ನೋದು ಆಗ ಬೆಳಕಿಗೆ ಬಂತು. ಜಗತ್ಪ್ರಸಿದ್ಧರಾಗಿ ಇಪ್ಪತ್ತು ವರ್ಷ ದಾಟಿದ್ದ ಮನುಷ್ಯ, ನಾನು ಮಾಡಿದ್ದೇ ಶೈಲಿ ಅಂತ ವಾದಿಸಬಹುದಿತ್ತು. ಬದಲಿಗೆ ಕೂತು ಸರಿಯಾದ ಬೆರಳುಗಳನ್ನು ಹೊಸದಾಗಿ ಕಲಿತರು. 1995ರಲ್ಲಿ ಬಂದ ‘ಡಿವಿನಿಟೀಸ್’ ಎಂಬ ವಾದ್ಯಸಂಗೀತದ ಆಲ್ಬಮ್ಮಿನಲ್ಲಿ ಆ ಸ್ವಚ್ಛತೆ ಕೇಳಿಸುತ್ತದೆ.

ಗಮನಿಸಬೇಕಾದದ್ದು, ಬೆರಳು ತಿದ್ದಿಕೊಂಡ ಮೇಲೂ ಅವರು ವೇದಿಕೆಯಲ್ಲಿ ಗುರುಗುಟ್ಟೋದು ಬಿಡಲಿಲ್ಲ. ಅವರ ತಪ್ಪುಗಳ ಪಟ್ಟಿ ಅಲ್ಲಿ ಎರಡಾಗಿ ಒಡೆಯಿತು. ಬೆರಳಿನದು ಅಡಚಣೆ. ಅದರಿಂದ ಕೆಲವು ಸ್ವರ ಶ್ರುತಿಗೆ ಸೇರುತ್ತಿರಲಿಲ್ಲ, ಕೆಲವು ಜಾಗ ಕೈಗೆಟುಕುತ್ತಿರಲಿಲ್ಲ. ಅದು ಹೋದದ್ದರಿಂದ ಸಂಗೀತಕ್ಕೆ ನಷ್ಟವಿಲ್ಲ. ಉಸಿರಿನದು ಭಾಷೆ. ಅದನ್ನು ತೆಗೆದರೆ ಹೇಳಬೇಕಾದ ಮಾತೇ ಹೋಗುತ್ತದೆ. ದಿನವಿಡೀ ಡೇಟಾದಲ್ಲಿ ಗದ್ದಲ ಯಾವುದು, ಸಂಕೇತ ಯಾವುದು ಅಂತ ಬೇರ್ಪಡಿಸುವ ಕೆಲಸದವನಾದ ನನಗೆ ಇದು ಬಹಳ ಹಿಡಿಸಿದ ಪರೀಕ್ಷೆ: ಸರಿಯಾದದ್ದು ಗೊತ್ತಾದ ಮೇಲೂ ಕಲಾವಿದ ಯಾವುದನ್ನು ಉಳಿಸಿಕೊಳ್ಳುತ್ತಾನೆ?

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲೊಂದು ಪರಿಚಿತ ಮುಖ ನೆನಪಾಗಬಹುದು, ಟಿ. ಆರ್. ಮಹಾಲಿಂಗಂ (1926–1986). ಎಲ್ಲರ ಬಾಯಲ್ಲಿ ಮಾಲಿ. ಕೊಳಲನ್ನು ಬಹುಮಟ್ಟಿಗೆ ತಾವೇ ಕಲಿತು, 7ನೇ ವಯಸ್ಸಿಗೆ ಮದರಾಸಿನ ಮೈಲಾಪುರದಲ್ಲಿ ಕಚೇರಿ ಕೊಟ್ಟ ಬಾಲಕ. ಬೆರಳಿಡುವ ಕ್ರಮವನ್ನೂ ಊದುವ ಬಗೆಯನ್ನೂ ಬದಲಿಸಿ, ಹಾಡುಗಾರಿಕೆಯ ಗಮಕಗಳನ್ನು ಬಿದಿರಿನಿಂದ ಹೊರಡಿಸಿದರು. ಅವರಿಗೆ ಮಾದರಿ ಮನುಷ್ಯನ ಕಂಠ. ಇಂದು ಕೊಳಲು ಕಲಿಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾಲಿಯವರ ಆ ದಾರಿಯೇ ಪಾಠ. ಆಂಡರ್ಸನ್‌ಗೂ ಮಾಲಿಗೂ ಸಂಗೀತದಲ್ಲಿ ಹೋಲಿಕೆಯಿಲ್ಲ. ಒಬ್ಬರು ಕಂಠದ ಬಾಗು ಬಳುಕನ್ನು ತಂದರು, ಇನ್ನೊಬ್ಬರು ಕಂಠದ ಒರಟನ್ನು. ಆದರೆ ಇಬ್ಬರೂ ವಾದ್ಯದ ಶಾಲೆಯನ್ನು ಬಿಟ್ಟು ಕಂಠವನ್ನೇ ಕೇಳಿಕೊಂಡು ಹೋದವರು.

ಬಿಡುವಾದಾಗ ಹೆಡ್‌ಫೋನ್ ಹಾಕಿಕೊಂಡು ‘ವಾಕ್ಸ್ ಬಲೇನೆ’ಯ ಮೊದಲ ಕೆಲವು ನಿಮಿಷ ಕೇಳಿ. ಆಮೇಲೆ ‘ಲೋಕೊಮೋಟಿವ್ ಬ್ರೆತ್’ ಹಾಕಿ, ಗಿಟಾರನ್ನು ಮರೆತು ಫ್ಲೂಟ್ ಹಿಂದಿನ ಗಂಟಲನ್ನು ಮಾತ್ರ ಹಿಂಬಾಲಿಸಿ. ಮೊದಲನೆಯದನ್ನು ತಂತ್ರ ಎಂದು ಒಪ್ಪಿದ ಕಿವಿಗೆ ಎರಡನೆಯದನ್ನು ತಪ್ಪು ಅನ್ನೋದು ಕಷ್ಟವಾಗುತ್ತದೆ.