ನಮ್ಮ ಸೀಮೆಯ ಟೊಮೆಟೊ ತಳಿಗಳೂ ನೀರಿನ ಬರವೂ

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ತೆರೆದ ಬಾವಿ, ಆಮೇಲೆ ಕೊಳವೆಬಾವಿ, ಇಷ್ಟೇ ನಮ್ಮ ನೀರಿನ ಚರಿತ್ರೆ. ಟೊಮೆಟೊ ತಳಿಗಳು ಬದಲಾದದ್ದೂ ಇದರ ಬೆನ್ನಿಗೇ. ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಈ ಗಿಡದ ತವರು ದಕ್ಷಿಣ ಅಮೆರಿಕ. ಪೆರು ದೇಶದ ಒಣ ಪ್ರದೇಶಗಳಲ್ಲಿ ಇದರ ಕಾಡು ಬಂಧುಗಳು ಅತಿ ಕಡಿಮೆ ನೀರಿನಲ್ಲಿ ಇಂದಿಗೂ ಬದುಕುತ್ತವೆ. ಮನುಷ್ಯ ದಪ್ಪ ಹಣ್ಣಿಗೆ ಆಸೆಪಟ್ಟು ಆರಿಸುತ್ತಾ ಬಂದ ಹಾಗೆ ಹೊಲದ ಗಿಡದಲ್ಲಿ ಆ ಗುಣ ಬಹುಮಟ್ಟಿಗೆ ಕರಗಿತು.

1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿಯವರು ಅಮೆರಿಕದ ಟಿಪ್‌ಟಾಪ್ ತಳಿಯಿಂದ ಆರಿಸಿ ತೆಗೆದದ್ದು ಅರ್ಕಾ ವಿಕಾಸ್. ತೇವ ಕಮ್ಮಿಯಾದರೂ ಇದು ತಡೆಯುತ್ತೆ. ಇದನ್ನೇ ಇನ್ನೊಂದು ತಳಿಯ ಜೊತೆ ಕೂಡಿಸಿ ಮಳೆಯಾಶ್ರಯಕ್ಕೆಂದೇ ಮಾಡಿದ್ದು ಅರ್ಕಾ ಮೇಘಾಲಿ. ಮೇಘಾಲಿ ಮಳೆ ನೀರಲ್ಲೇ ಹೆಕ್ಟೇರಿಗೆ 18 ಟನ್ನಿನಷ್ಟು ಕೊಡುತ್ತೆ. ವಿಕಾಸ್ ನೀರಾವರಿಯಲ್ಲಿ 35-40 ಟನ್. ಬರೀ ಟನ್ನು ನೋಡಿದರೆ ಮೇಘಾಲಿ ಸೋತ ಹಾಗೆಯೇ. ಬೋರಿನಲ್ಲಿ ನೀರೇ ಇಲ್ಲದವರು ಹಾಗೆ ನೋಡೋದು ತರವೇ?

ಆದರೆ ದೂರದ ಲಾರಿಗೆ ಗಟ್ಟಿ ಹಣ್ಣು ಬೇಕು. ಹಾಗಾಗಿ ಗೂಟ ನೆಟ್ಟು, ತಂತಿ ಎಳೆದು ಬೆಳೆಸುವ ಹೈಬ್ರಿಡ್‌ಗಳು ಹೊಲ ತುಂಬಿದವು. ಅವು ಕೆಟ್ಟವಲ್ಲ, ಎತ್ತರಕ್ಕೆ ಬೆಳೆದು ತಿಂಗಳುಗಟ್ಟಲೆ ಕಾಯಿ ಬಿಡುತ್ತವೆ, ಅಷ್ಟೂ ದಿನ ತಪ್ಪದೆ ನೀರು ಕೇಳುತ್ತವೆ. ನಡುವೆ ಬೋರು ಕೈಕೊಟ್ಟರೆ ಮೊದಲು ಹೂ ಉದುರುತ್ತೆ. ಆಮೇಲೆ ಕಾಯಿಯ ತಳ ಕಪ್ಪಾಗುತ್ತೆ. ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯೋರು ಬಹಳ ಮಂದಿ. ನಿಜವಾಗಿ ನೀರು ಏರುಪೇರಾಗಿ ಸುಣ್ಣದಂಶ ಕಾಯಿಗೆ ತಲುಪದೆ ಹೀಗಾಗುವುದು. ಉದ್ದ ಕಾಯಿಯ ತಳಿಗಳಲ್ಲಿ ಇದು ಹೆಚ್ಚು, ಗೋಲಿಯಂಥ ಸಣ್ಣ ಹಣ್ಣಿನವುಗಳಲ್ಲಿ ಅಪರೂಪ. ಒಣಗಿದ ಹೊಲಕ್ಕೆ ಒಮ್ಮೆಲೇ ನೀರು ಕಟ್ಟಿದರೆ ಹಣ್ಣು ಸೀಳುತ್ತೆ. ಗೂಟ, ತಂತಿ, ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಸೀಳದೆ ಉಳಿಯುತ್ತೆ!

ಹನಿ ನೀರಾವರಿ, ಮಲ್ಚಿಂಗ್ ಹಾಳೆ ಎಷ್ಟೋ ಕಾಪಾಡಿವೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿ ಬತ್ತಿದ್ದ ಎಷ್ಟೋ ಬಾವಿಗಳಿಗೆ ಜೀವ ಬಂತು. ಕೆರೆಯಿಂದ ದೂರದ, ಮೇಲ್ದಿಣ್ಣೆಯ ಹೊಲಗಳಿಗೆ ಮಾತ್ರ ಇಂದಿಗೂ ಮಳೆಯೇ ಗತಿ. ಅಂಥ ಕಡೆ ಬೇಗ ಮುಗಿಯುವ ಗಿಡ್ಡ ತಳಿ, ಇಲ್ಲವೇ ಮೇಘಾಲಿಯನ್ನು ಅರ್ಧ ಎಕರೆಯಲ್ಲಾದರೂ ಹಾಕಿ ನೋಡಬಹುದು. ವಿಕಾಸ್, ಮೇಘಾಲಿ ಎರಡೂ ಹೈಬ್ರಿಡ್ ಅಲ್ಲ. ಒಳ್ಳೆ ಗಿಡದ ಹಣ್ಣಿನಿಂದ ಬೀಜ ತೆಗೆದಿಟ್ಟು ಮುಂದಿನ ಮಳೆಗೆ ಒಟ್ಲು ಹಾಕಿಕೊಳ್ಳಬಹುದು.